ಹಳೆಯ ಕಾರಿನ ಹೆಡ್‌ಲೈಟ್: ಬಲ್ಬ್ ಕೊಳ್ಳುವುದು ಕೊನೆಯ ಕೆಲಸ

ತೀರ್ಥಹಳ್ಳಿಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಮಳೆಗಾಲ ಮುಗಿದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಒಂದೇ ಬಗೆಯ ಗಿರಾಕಿಗಳು ಬರತೊಡಗುತ್ತಾರೆ. ಅಂಬಾಸಿಡರ್, ಪದ್ಮಿನಿ, ಮಾರುತಿ 800, ಓಮ್ನಿ, ಹಳೆಯ ಜೀಪು. ಗಾಡಿ ಯಾವುದಾದರೂ ಮಾತು ಒಂದೇ: “ರಾತ್ರಿ ರಸ್ತೆ ಕಾಣುವುದಿಲ್ಲ, ದೊಡ್ಡ ಬಲ್ಬ್ ಹಾಕಿಕೊಡಿ.” ನಾನು ಬಲ್ಬಿನ ಡಬ್ಬಿಗೆ ಕೈ ಹಾಕುವುದಿಲ್ಲ, ಮಲ್ಟಿಮೀಟರ್ ತೆಗೆಯುತ್ತೇನೆ. ಇಪ್ಪತ್ತು ಮೂವತ್ತು ವರ್ಷ ಓಡಿದ ಕಾರಿನಲ್ಲಿ ಬೆಳಕು ಮಂಕಾಗಿದ್ದರೆ ತಪ್ಪು ಬಹುಪಾಲು ಬಲ್ಬಿನದಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬಿಗೆ ಪೂರ್ತಿ ತಲುಪುತ್ತಿರುವುದಿಲ್ಲ, ಬಲ್ಬಿನಿಂದ ಹೊರಟ ಬೆಳಕು ರಸ್ತೆಗೆ ಪೂರ್ತಿ ತಲುಪುತ್ತಿರುವುದಿಲ್ಲ. ಈ ಎರಡು ಸೋರಿಕೆಗಳನ್ನು ಮೊದಲು ನಿಲ್ಲಿಸಬೇಕು. ಆಮೇಲೆ ಸಾಮಾನ್ಯ ಬಲ್ಬಿನಲ್ಲೇ ಆಗುಂಬೆ ಘಾಟಿ ಇಳಿಯಬಹುದು.

ನಾನು ಇಳಿಯುವುದೂ ಹಾಗೆಯೇ. ನನ್ನ ಬಳಿ ಇಸುಜು ಎಂಜಿನ್ನಿನ ಅಂಬಾಸಿಡರ್ 1800 ಇದೆ. ಹೆಬ್ರಿ, ಉಡುಪಿ ಕಡೆ ಒಳ್ಳೆಯ ಆಟವಿದ್ದರೆ ಅದರಲ್ಲೇ ಹೋಗುತ್ತೇನೆ. ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ತಿರುವುಗಳನ್ನು ಬೆಳಗಿನ ಜಾವದಲ್ಲಿ ಹತ್ತುವುದು ನನಗೆ ಹೊಸದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಅಂಗಡಿಯಲ್ಲಿ ಮಾಡಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿದ ಕೆಲಸ. ಅಂಬಾಸಿಡರ್ ಉದಾಹರಣೆ ಹೆಚ್ಚು ಬರುತ್ತದೆ, ಆದರೆ ಮೂರು ಕಾಲಿನ ಎಚ್4 ಬಲ್ಬ್ ಇರುವ ಯಾವ ಹಳೆಯ ಕಾರಿಗೂ ಇದು ಹೊಂದುತ್ತದೆ.

ಮೊದಲು ಅಳತೆ

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಒಬ್ಬರನ್ನು ಕೂರಿಸಿ, ಹೆಡ್‌ಲೈಟ್ ಡಿಪ್‌ನಲ್ಲಿ ಹಚ್ಚಿ (ಕೆಳಕ್ಕೆ ಬೀಳುವ ಬೆಳಕು ಡಿಪ್, ದೂರಕ್ಕೆ ಹೋಗುವುದು ಬ್ರೈಟ್). ಬ್ಯಾಟರಿಯ ಎರಡು ತುದಿಗಳ ನಡುವೆ 13.8ರಿಂದ 14.4 ವೋಲ್ಟ್ ಸಿಗಬೇಕು. 13.2ಕ್ಕಿಂತ ಕೆಳಗಿದ್ದರೆ ಹೆಡ್‌ಲೈಟಿನ ಗೋಜಿಗೇ ಹೋಗಬೇಡಿ. ಮೊದಲು ಫ್ಯಾನ್ ಬೆಲ್ಟ್ ಬಿಗಿ ಮಾಡಿ, ಬ್ಯಾಟರಿ ತುಂಬುವ ಆಲ್ಟರ್ನೇಟರ್ ಮತ್ತು ಅದರ ವೋಲ್ಟ್ ಹತೋಟಿಯಲ್ಲಿಡುವ ಕಟೌಟ್ ನೋಡಿಸಿ. 14.8 ದಾಟಿದರೂ ತೊಂದರೆಯೇ. ಬಲ್ಬಿಗೆ ಶೇಕಡಾ ಐದರಷ್ಟು ಹೆಚ್ಚು ವೋಲ್ಟ್ ಹೋದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. “ಬಲ್ಬ್ ಪದೇ ಪದೇ ಸುಡುತ್ತದೆ” ಎಂದು ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಕಟೌಟನ್ನೇ.

ಈಗ ಬಲ್ಬಿನ ಹಿಂದಿನ ರಬ್ಬರ್ ಟೋಪಿ ಸರಿಸಿ, ಹೋಲ್ಡರ್ ಕಳಚದೆ, ದೀಪ ಉರಿಯುತ್ತಿರುವಾಗಲೇ ಡಿಪ್ ಕಾಲಿಗೂ ಅರ್ಥ್ ಕಾಲಿಗೂ ನಡುವೆ ಅಳೆಯಿರಿ. ಹೋಲ್ಡರ್ ಕಳಚಿ ಅಳೆದರೆ ಪ್ರಯೋಜನವಿಲ್ಲ. ಕರೆಂಟ್ ಹರಿಯದಿರುವಾಗ ಎಷ್ಟೇ ಕೊಳೆತ ವಯರಿನಲ್ಲೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಬ್ಯಾಟರಿಯ ಅಂಕಿಗೂ ಇದಕ್ಕೂ ಇರುವ ಅಂತರವೇ ದಾರಿಯಲ್ಲಿ ಸೋರಿಹೋಗುತ್ತಿರುವ ವೋಲ್ಟ್. ಅರ್ಧ ವೋಲ್ಟಿನೊಳಗಿದ್ದರೆ ವಯರಿಂಗ್ ಚೆನ್ನಾಗಿದೆ ಎಂದರ್ಥ. ಹಳೆಯ ಗಾಡಿಗಳಲ್ಲಿ ಒಂದರಿಂದ ಎರಡು ವೋಲ್ಟಿನ ಅಂತರ ಮಾಮೂಲು.

ಎರಡು ವೋಲ್ಟ್ ಎಂದರೆ ಏನು ಮಹಾ ಎನ್ನಿಸಬಹುದು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟಿನ ಲೆಕ್ಕದಲ್ಲಿ ನೇರವಾಗಿ ಇಳಿಯುವುದಿಲ್ಲ, ಸುಮಾರು 3.4ರ ಘಾತದಲ್ಲಿ ಇಳಿಯುತ್ತದೆ. ವೋಲ್ಟ್ ಶೇಕಡಾ ಹತ್ತು ಕಡಿಮೆಯಾದರೆ ಬೆಳಕು ಶೇಕಡಾ ಮೂವತ್ತು ಹೋಗುತ್ತದೆ. ನನ್ನ ಅಂಬಾಸಿಡರಿನಲ್ಲಿ ಬ್ಯಾಟರಿಗೆ 13.9 ಇದ್ದಾಗ ಬಲ್ಬಿಗೆ ಸಿಗುತ್ತಿದ್ದುದು 11.9. ಲೆಕ್ಕ ಹಾಕಿದರೆ ಸಿಗಬೇಕಾದ ಬೆಳಕಿನ ಶೇಕಡಾ 59 ಮಾತ್ರ ಹೊರಬರುತ್ತಿತ್ತು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್) ಹಾಕಿ ಹೊಸ ವಯರ್ ಎಳೆದ ಮೇಲೆ 13.5 ಸಿಕ್ಕಿತು, ಅಂದರೆ ಶೇಕಡಾ 90. ಬಲ್ಬ್ ಅದೇ, ಅದು ಕೂರುವ ಡೂಮ್, ಅಂದರೆ ರಿಫ್ಲೆಕ್ಟರ್ ಮತ್ತು ಮುಂದಿನ ಗಾಜು ಸೇರಿದ ಗೂಡು, ಅದೇ. ಬೆಳಕು ಮಾತ್ರ ಮೊದಲಿನ ಒಂದೂವರೆ ಪಟ್ಟು.

ಅರ್ಥ್ ಬದಿಯನ್ನು ಬೇರೆಯಾಗಿ ನೋಡುವುದನ್ನು ಮರೆಯಬೇಡಿ. ಮೀಟರಿನ ಕಪ್ಪು ತುದಿ ಬ್ಯಾಟರಿಯ ನೆಗೆಟಿವ್ ಮೇಲಿರಲಿ, ಕೆಂಪು ತುದಿಯನ್ನು ಬಲ್ಬಿನ ಅರ್ಥ್ ಕಾಲಿಗೆ ಮುಟ್ಟಿಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಮಲೆನಾಡಿನಲ್ಲಿ ಓಡಿದ ಗಾಡಿಗಳಲ್ಲಿ ಇದು ಬಹಳ ಕಂಡುಬರುವ ರೋಗ. ಅರ್ಥ್ ಸ್ಕ್ರೂ ಕೂರುವ ತಗಡು ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಒಂದು ಕಡೆಯ ದೀಪ ಕೆಂಪಗೆ, ಇನ್ನೊಂದು ಬೆಳ್ಳಗೆ ಉರಿಯುತ್ತಿದ್ದರೆ, ಡಿಪ್ ಹಾಕಿದಾಗ ಪಾರ್ಕಿಂಗ್ ದೀಪವೂ ಮಿಣಮಿಣ ಎನ್ನುತ್ತಿದ್ದರೆ, ಮೀಟರ್ ಇಲ್ಲದೆಯೂ ಅರ್ಥ್ ಕೆಟ್ಟಿದೆ ಎಂದು ಹೇಳಿಬಿಡಬಹುದು.

ಡೂಮ್ ನೋಡುವ ಬಗೆ

ದೀಪ ಆರಿಸಿ, ಬಲ್ಬ್ ತೆಗೆದು, ಡೂಮಿನೊಳಗೆ ಟಾರ್ಚ್ ಬಿಟ್ಟು ನೋಡಿ. ರಿಫ್ಲೆಕ್ಟರ್ ಕನ್ನಡಿಯಂತೆ ಹೊಳೆಯಬೇಕು. ಹೊಗೆ ಬಡಿದಂತೆ ಮಸುಕಾಗಿದ್ದರೆ, ಕೆಳಭಾಗದಲ್ಲಿ ನೀರು ನಿಂತ ಗೆರೆಯಿದ್ದರೆ, ಲೇಪ ಸುಲಿದು ಹಪ್ಪಳೆ ಎದ್ದಿದ್ದರೆ ಆ ಡೂಮಿನ ಕಾಲ ಮುಗಿಯಿತು. ಒಳಗೆ ಬಟ್ಟೆ ತುರುಕಿ ಒರೆಸಬೇಡಿ. ಆ ಹೊಳಪು ಕೂದಲೆಳೆಗಿಂತ ತೆಳುವಾದ ಲೋಹದ ಲೇಪ, ಒಂದು ಸಲ ಉಜ್ಜಿದರೆ ಎದ್ದು ಬರುತ್ತದೆ. ಕಂಚು ತಿಕ್ಕುವ ಪಾಲಿಶ್ ಹಾಕಿ ಹಾಳು ಮಾಡಿಕೊಂಡು ಬಂದ ಡೂಮ್‌ಗಳನ್ನು ಸಾಕಷ್ಟು ನೋಡಿದ್ದೇನೆ.

ಅಂಬಾಸಿಡರ್, ಜಿಪ್ಸಿ, ಜೀಪುಗಳವರಿಗೆ ಇಲ್ಲಿ ಒಂದು ಅನುಕೂಲ. ಅವುಗಳಿಗೆ ಬರುವುದು ಏಳು ಇಂಚಿನ ದುಂಡು ಡೂಮ್. ಅದು ಇಂದಿಗೂ ಎಲ್ಲ ಕಡೆ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರಂತೂ ಆಯ್ದುಕೊಳ್ಳಲು ಬೇಕಾದಷ್ಟಿದೆ. ಗಾಜಿನ ಮುಖ, ಲೋಹದ ರಿಫ್ಲೆಕ್ಟರ್ ಇರುವುದನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಎರಡು ಸಂಗತಿ ಪರೀಕ್ಷಿಸಿ. ಒಂದು, ಬಲ್ಬ್ ಕೂರುವ ಬಾಯಿ ಎಚ್4ನದಾಗಿರಬೇಕು. ತೀರ ಹಳೆಯ ಗಾಡಿಗಳಲ್ಲಿ ಹ್ಯಾಲೊಜನ್‌ಗಿಂತ ಹಿಂದಿನ 45/40 ವ್ಯಾಟಿನ ಬಲ್ಬ್ ಇರುತ್ತದೆ, ಅದರ ಬಾಯಿಯ ಅಳತೆ ಬೇರೆ. ಆ ಬಾಯಿಗೆ ಹೊಂದುವ 60/55 ಹ್ಯಾಲೊಜನ್ ಬಲ್ಬ್‌ಗಳೂ ಮಾರುಕಟ್ಟೆಯಲ್ಲಿವೆ. ಆದರೆ ಡೂಮ್ ಹೇಗೂ ಮುದಿಯಾಗಿರುವುದರಿಂದ ಎಚ್4 ಬಾಯಿಯ ಹೊಸ ಡೂಮನ್ನೇ ಹಾಕುವುದು ಲೇಸು.

ಎರಡನೆಯದನ್ನು ಅಂಗಡಿಯವರೂ ಗಮನಿಸುವುದಿಲ್ಲ. ನಾವು ರಸ್ತೆಯ ಎಡಕ್ಕೆ ಓಡಿಸುವವರು. ನಮ್ಮ ಡಿಪ್ ಬೆಳಕು ಎಡ ಅಂಚಿನ ಕಡೆ ಸ್ವಲ್ಪ ಮೇಲಕ್ಕೆ ಏರಬೇಕು, ಬಲಗಡೆ ಚಪ್ಪಟೆಯಾಗಿ ಕೆಳಗಿರಬೇಕು. ಬಲಕ್ಕೆ ಓಡಿಸುವ ದೇಶಗಳ ಡೂಮ್ ಇದಕ್ಕೆ ತದ್ವಿರುದ್ಧ. ಅದನ್ನು ಇಲ್ಲಿ ಹಾಕಿದರೆ ಮೇಲಕ್ಕೆ ಏರುವ ಬೆಳಕು ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಯುರೋಪಿನ ಮಾನದಂಡದ ಡೂಮ್ ಆದರೆ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರದ ಮುದ್ರೆ ಇರುತ್ತದೆ, ಅದರ ಹತ್ತಿರ ಬಾಣದ ಗುರುತು. ದೀಪದ ಎದುರು ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ ಅದು ನಮ್ಮಂಥ ಎಡಪಥದ ರಸ್ತೆಗೆ ಮಾಡಿದ್ದು. ಎರಡೂ ಕಡೆ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು. ಬಾಣವೇ ಇಲ್ಲದಿದ್ದರೆ ಬಲಪಥದ್ದು, ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ.

ಪ್ಲಾಸ್ಟಿಕ್ ಮುಖದ ಡೂಮ್ ಇರುವ ಕಾರುಗಳಲ್ಲಿ ಬಿಸಿಲಿಗೆ ಮುಖ ಹಳದಿಗಟ್ಟಿರುತ್ತದೆ. ಟೂತ್‌ಪೇಸ್ಟ್ ಉಜ್ಜಿದರೆ ಒಂದೆರಡು ವಾರ ಚೆಂದ ಕಾಣುತ್ತದೆ, ಅಷ್ಟೆ. ಸರಿಯಾದ ರೀತಿಯೆಂದರೆ ನೀರು ಹಾಕುತ್ತ 800, 1500, 2000, 3000 ನಂಬರಿನ ಉಜ್ಜುಕಾಗದ ಒಂದರ ಮೇಲೊಂದು ಬಳಸಿ, ಪಾಲಿಶ್ ಮಾಡಿ, ಕೊನೆಗೆ ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಲೇಪ ಹೊಡೆಯುವುದು. ಆ ಕೊನೆಯ ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಹಳದಿಯಾಗುತ್ತದೆ.

ರಿಲೇ ಹಾಕುವುದು

ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಡಿಪ್, ಬ್ರೈಟ್ ಬದಲಿಸುವ ಡಿಪ್ಪರಿಗೆ ಇಳಿದು, ಮತ್ತೆ ಮುಂದಕ್ಕೆ ಬರಬೇಕು. ದಾರಿಯುದ್ದಕ್ಕೂ ತೆಳುವಾದ ವಯರು, ಸವೆದ ಕಾಂಟ್ಯಾಕ್ಟ್, ಹಸಿರುಗಟ್ಟಿದ ಕೀಲುಗಳು. ಎರಡು ಬಲ್ಬಿನ ಡಿಪ್‌ಗೆ ಸುಮಾರು ಒಂಬತ್ತು ಆಂಪಿಯರ್, ಬ್ರೈಟ್‌ಗೆ ಸುಮಾರು ಹತ್ತು ಆಂಪಿಯರ್ ಆ ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ಲೈಟ್ ಹಾಕಿ ಅರ್ಧ ಗಂಟೆ ಓಡಿಸಿದ ಮೇಲೆ ಸ್ವಿಚ್ ಬಿಸಿಯಾಗುತ್ತಿದ್ದರೆ ಕಾರಣ ಇದೇ. ರಿಲೇ ಹಾಕಿದರೆ ಸ್ವಿಚ್ಚಿನ ಪಾಲಿಗೆ ಉಳಿಯುವುದು ರಿಲೇಯ ಕಾಯಿಲ್ ಎಬ್ಬಿಸುವ ಕೆಲಸ ಮಾತ್ರ, ಅದಕ್ಕೆ 0.2 ಆಂಪಿಯರ್ ಕೂಡ ಬೇಡ. ಬಲ್ಬಿನ ಕರೆಂಟು ಬ್ಯಾಟರಿಯಿಂದ ದಪ್ಪ ವಯರಿನಲ್ಲಿ ನೇರವಾಗಿ ಬರುತ್ತದೆ.

ಬೇಕಾದ ಸಾಮಾನು: ನಾಲ್ಕು ಕಾಲಿನ 12 ವೋಲ್ಟ್, 30 ಆಂಪಿಯರಿನ ಎರಡು ರಿಲೇ, ಅವುಗಳ ಸಾಕೆಟ್, ಬ್ಯಾಟರಿಯಿಂದ ತರಲು 4 ಚದರ ಮಿಲಿಮೀಟರಿನ ಕೆಂಪು ವಯರು, ಬಲ್ಬುಗಳಿಗೆ ಮತ್ತು ಅರ್ಥ್‌ಗೆ 2.5 ಚದರ ಮಿಲಿಮೀಟರಿನ ವಯರು, ಎರಡು ಪಿಂಗಾಣಿ ಎಚ್4 ಹೋಲ್ಡರ್, 20 ಆಂಪಿಯರಿನ ಒಂದು ಫ್ಯೂಸ್, 10 ಆಂಪಿಯರಿನ ನಾಲ್ಕು ಫ್ಯೂಸ್, ವಯರಿನ ತುದಿಗೆ ಹಾಕುವ ತಾಮ್ರದ ಲಗ್ಗುಗಳು, ಬಿಸಿಗೆ ಕುಗ್ಗುವ ತೋಳು, ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆ. ಎಲ್ಲ ಸೇರಿ ಒಂದು ಟೈರಿನ ಬೆಲೆಯಾಗುವುದಿಲ್ಲ. ವಯರಿನಲ್ಲಿ ಉಳಿತಾಯ ಮಾಡಬೇಡಿ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ವಯರು ಮಾರುಕಟ್ಟೆಯಲ್ಲಿ ಓಡಾಡುತ್ತಿದೆ. ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಹಿಂದಿರುಗಿಸಿ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಡಿ. ರಿಲೇಗಳನ್ನು ಬ್ಯಾಟರಿಗೆ ಹತ್ತಿರ, ಮಡ್‌ಗಾರ್ಡಿನ ಒಳಗೋಡೆಗೆ, ಕಾಲುಗಳು ಕೆಳಮುಖವಾಗುವಂತೆ ಕೂರಿಸಿ. ಮೇಲ್ಮುಖವಾಗಿ ಕೂರಿಸಿದರೆ ಮಳೆನೀರು ಸಾಕೆಟ್ಟಿನಲ್ಲಿ ನಿಂತು ಎರಡೇ ಮಳೆಗಾಲಕ್ಕೆ ಕೊಳೆಯುತ್ತದೆ.

ರಿಲೇಯ ಕೆಳಗೆ 30, 87, 85, 86 ಎಂಬ ಅಂಕಿಗಳಿರುತ್ತವೆ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕೆಂಪು ವಯರಿಗೆ ಒಂದು ಗೇಣಿನೊಳಗೇ 20 ಆಂಪಿಯರಿನ ಫ್ಯೂಸ್ ಬರಬೇಕು. ಆ ಫ್ಯೂಸ್ ದೂರದಲ್ಲಿದ್ದರೆ ನಡುವಿನ ವಯರು ಎಲ್ಲಾದರೂ ತಗಡಿಗೆ ಉಜ್ಜಿದಾಗ ಕಾಯುವವರು ಯಾರೂ ಇರುವುದಿಲ್ಲ, ಬೆಂಕಿಯೇ ಗತಿ. ಫ್ಯೂಸಿನಿಂದ ಎರಡೂ ರಿಲೇಗಳ 30ಕ್ಕೆ ಕೊಡಿ. ಮೊದಲ ರಿಲೇಯ 87ರಿಂದ ಎರಡು ವಯರು ತೆಗೆದು, ತಲಾ ಒಂದು 10 ಆಂಪಿಯರಿನ ಫ್ಯೂಸಿನ ಮೂಲಕ ಎಡ ಮತ್ತು ಬಲ ಬಲ್ಬುಗಳ ಡಿಪ್ ಕಾಲಿಗೆ ಒಯ್ಯಿರಿ. ಎರಡನೆಯ ರಿಲೇಯ 87ರಿಂದ ಅದೇ ರೀತಿ ಬ್ರೈಟ್ ಕಾಲುಗಳಿಗೆ. ಒಂದೊಂದು ಫಿಲಮೆಂಟಿಗೂ ಒಂದೊಂದು ಫ್ಯೂಸ್ ಯಾಕೆಂದು ಕೇಳುವವರಿದ್ದಾರೆ. ತಿರುವಿನ ನಡುವೆ ಒಂದು ಕಡೆ ಶಾರ್ಟ್ ಆದರೆ ಇನ್ನೊಂದು ಕಡೆಯ ದೀಪ ಉಳಿಯಬೇಕು, ಅದಕ್ಕೆ.

ಇನ್ನು ಕಾಯಿಲ್. ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ. ಕೆಲವು ಕಾರುಗಳಲ್ಲಿ ಸ್ವಿಚ್ ಪಾಸಿಟಿವ್ ಬದಿಯಲ್ಲಿರುತ್ತದೆ, ಅಂಬಾಸಿಡರ್ ಹಾಗೆ. ಇನ್ನು ಕೆಲವು ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಬಲ್ಬಿನ ಸಾಮಾನ್ಯ ಕಾಲಿಗೆ ಯಾವಾಗಲೂ ಪಾಸಿಟಿವ್ ಬರುತ್ತಿದ್ದು, ಸ್ವಿಚ್ ಅರ್ಥ್ ಬದಿಯನ್ನು ಕೂಡಿಸುತ್ತದೆ. ನಿಮ್ಮದು ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಕಡೆಯ ಹಳೆಯ ಹೋಲ್ಡರನ್ನು ಕತ್ತರಿಸದೆ ಹಾಗೆಯೇ ಉಳಿಸಿಕೊಳ್ಳಿ. ಅದರಲ್ಲಿ ಮೂರು ಬಾಯಿಗಳಿವೆ: ಸಾಮಾನ್ಯ, ಡಿಪ್, ಬ್ರೈಟ್. ಮೊದಲ ರಿಲೇಯ 85ನ್ನು ಸಾಮಾನ್ಯ ಬಾಯಿಗೆ, 86ನ್ನು ಡಿಪ್ ಬಾಯಿಗೆ ಕೊಡಿ. ಎರಡನೆಯದರ 85 ಮತ್ತೆ ಸಾಮಾನ್ಯಕ್ಕೆ, 86 ಬ್ರೈಟ್‌ಗೆ. ಬಲ್ಬ್ ಎಲ್ಲಿ ಕೂತಿತ್ತೋ ಅಲ್ಲಿ ಈಗ ಕಾಯಿಲ್ ಕೂತಿದೆ, ಅಷ್ಟೆ. ಸಾದಾ ಕಾಯಿಲ್‌ಗೆ ಪಾಸಿಟಿವ್ ನೆಗೆಟಿವ್ ಭೇದವಿಲ್ಲ, ಯಾವ ಬದಿಯಿಂದ ಸ್ವಿಚ್ ಆದರೂ ಅದು ಏಳುತ್ತದೆ. ಒಳಗೆ ಡಯೋಡ್ ಇರುವ ರಿಲೇಗೆ ಮಾತ್ರ ದಿಕ್ಕು ಮುಖ್ಯ, ಆದ್ದರಿಂದ ಡಯೋಡ್ ಇಲ್ಲದ್ದನ್ನೇ ಕೇಳಿ ತನ್ನಿ. ಇನ್ನೊಂದು ಕಡೆಯ ಹಳೆಯ ಹೋಲ್ಡರಿಗೆ ಟೇಪ್ ಸುತ್ತಿ, ನೀರು ಹೋಗದಂತೆ ಕಟ್ಟಿಡಿ. ಮುಂದೆ ಎಂದಾದರೂ ರಿಲೇ ಕೈಕೊಟ್ಟರೆ ಹಳೆಯ ಹೋಲ್ಡರುಗಳನ್ನು ಬಲ್ಬಿಗೆ ಸಿಕ್ಕಿಸಿ ಮನೆ ಸೇರಬಹುದು. ಅಂಗಡಿಯಲ್ಲಿ ಹಳೆಯ ವಯರಿಂಗ್ ಕತ್ತರಿಸಲು ನಾನು ಯಾವ ಹುಡುಗನಿಗೂ ಬಿಡುವುದಿಲ್ಲ.

ಹೊಸ ಹೋಲ್ಡರಿನಲ್ಲಿ ಯಾವ ಕಾಲು ಯಾವುದು ಎಂಬುದನ್ನು ವಯರಿನ ಬಣ್ಣ ನೋಡಿ ನಂಬಬೇಡಿ. ಬ್ಯಾಟರಿಯಿಂದ ಎರಡು ವಯರು ತಂದು ಬಲ್ಬಿನ ಕಾಲುಗಳಿಗೆ ಮುಟ್ಟಿಸಿ ನೋಡಿ. ಗಾಜಿನೊಳಗೆ ಕೆಳಗೆ ಪುಟ್ಟ ಲೋಹದ ಬಟ್ಟಲು ಇರುವ ಫಿಲಮೆಂಟ್ ಡಿಪ್, ಇನ್ನೊಂದು ಬ್ರೈಟ್. ಅರ್ಥ್ ವಯರುಗಳನ್ನು ಹತ್ತಿರದ ತಗಡಿಗೆ ಸಿಕ್ಕಿಸದೆ ಬ್ಯಾಟರಿಯ ನೆಗೆಟಿವ್‌ಗೇ ತನ್ನಿ. ವಯರು ತಗಡನ್ನು ತೂರಿ ಹೋಗುವ ಕಡೆಯಲ್ಲೆಲ್ಲ ರಬ್ಬರ್ ಬಳೆ ಇರಲೇಬೇಕು. ಲಗ್ಗುಗಳನ್ನು ಇಕ್ಕಳದಲ್ಲಿ ಅಮುಕಬೇಡಿ, ಅದಕ್ಕೆಂದೇ ಇರುವ ಕ್ರಿಂಪಿಂಗ್ ಉಪಕರಣ ಬಳಸಿ, ಆಮೇಲೆ ಎಳೆದು ನೋಡಿ.

ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಹತ್ತು ನಿಮಿಷ ಬ್ರೈಟ್ ಉರಿಸಿ, ಪ್ರತಿ ಕೀಲನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬಿಸಿ ಹತ್ತುವ ಕೀಲು ಸಡಿಲ ಕೀಲು. ಡ್ಯಾಶ್‌ಬೋರ್ಡಿನ ನೀಲಿ ದೀಪ ಮೊದಲಿನಂತೆ ಹತ್ತಿ ಆರುತ್ತಿದೆಯೇ ಗಮನಿಸಿ. ಕೊನೆಗೆ ಮತ್ತೆ ಅದೇ ಅಳತೆ. ಬ್ಯಾಟರಿಗೂ ಬಲ್ಬಿಗೂ ಅಂತರ ಅರ್ಧ ವೋಲ್ಟಿನೊಳಗೆ ಬಂದಿರಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಇಲಿಗೆ ಹೊಸ ವಯರೆಂದರೆ ಪ್ರೀತಿ. ಅಡಿಕೆ ಅಂಗಳದ ಪಕ್ಕ, ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ಕೊಳವೆಯ ಎರಡೂ ಬಾಯಿಗಳನ್ನು ಟೇಪಿನಿಂದ ಪೂರ್ತಿ ಮುಚ್ಚಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

ಈಗ ಬಲ್ಬ್

60/55 ವ್ಯಾಟಿನ ಒಳ್ಳೆಯ ಕಂಪನಿಯ ಎಚ್4 ಜೋಡಿ ಸಾಕು. ಫಿಲಿಪ್ಸ್, ಓಸ್ರಾಮ್, ಬಾಷ್ ಎಲ್ಲವೂ ಇವೆ. ಮಾನದಂಡದ ಪ್ರಕಾರ 13.2 ವೋಲ್ಟಿನಲ್ಲಿ ಬ್ರೈಟ್ ಸುಮಾರು 1650 ಲ್ಯೂಮೆನ್, ಡಿಪ್ ಸುಮಾರು 1000 ಲ್ಯೂಮೆನ್ ಕೊಡಬೇಕು. ಡಬ್ಬಿಯ ಮೇಲೆ ‘ಶೇಕಡಾ 100 ಹೆಚ್ಚು’, ‘ಶೇಕಡಾ 130 ಹೆಚ್ಚು’ ಎಂದು ಬರೆದ ಬಲ್ಬುಗಳೂ ಅದೇ ವ್ಯಾಟಿನವು. ಅವುಗಳಲ್ಲಿ ಫಿಲಮೆಂಟನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ, ಹೆಚ್ಚು ಕಾಯುವಂತೆ ಮಾಡಿರುತ್ತಾರೆ. ರಸ್ತೆಯ ಕೆಲವು ಜಾಗಗಳಲ್ಲಿ ನಿಜವಾಗಿಯೂ ಬೆಳಕು ಹೆಚ್ಚುತ್ತದೆ, ಆಯುಸ್ಸು ಕಡಿಮೆ. ವರ್ಷಕ್ಕೊಮ್ಮೆ ಬದಲಿಸಲು ಸಿದ್ಧವಿರುವವರು ಹಾಕಿಕೊಳ್ಳಬಹುದು. ನೀಲಿ ಬಣ್ಣ ಬಳಿದ ಬಲ್ಬ್ ಯಾರಿಗೂ ಬೇಡ. ಆ ಬಣ್ಣ ಬೆಳಕನ್ನು ಕೂಡಿಸುವುದಿಲ್ಲ, ಸೋಸಿ ಕಳೆಯುತ್ತದೆ.

100/90 ವ್ಯಾಟಿನ ಬಲ್ಬಿನ ಬಗ್ಗೆ ನಿತ್ಯ ಕೇಳುತ್ತಾರೆ. ಅದು ಸಾರ್ವಜನಿಕ ರಸ್ತೆಗೆಂದು ಮಾಡಿದ್ದಲ್ಲ. ಹಳೆಯ ಹೋಲ್ಡರನ್ನು ಕರಗಿಸುತ್ತದೆ, ಪ್ಲಾಸ್ಟಿಕ್ ಡೂಮನ್ನು ಸುಡುತ್ತದೆ, ಹದಿನೈದು ಆಂಪಿಯರಿನ ಹತ್ತಿರ ಎಳೆದು ಪುಟ್ಟ ಆಲ್ಟರ್ನೇಟರನ್ನು ಹಣ್ಣು ಮಾಡುತ್ತದೆ. ಬಹಳಷ್ಟು ಗಾಡಿಗಳಲ್ಲಿ ಹಳೆಯ ವಯರಿಂಗಿನ ಮೇಲೇ ಅದನ್ನು ಹಾಕಿರುತ್ತಾರೆ. ಅಲ್ಲಿ ವಯರೇ ಬಹಳಷ್ಟು ವೋಲ್ಟ್ ತಿಂದು, ಸರಿಯಾದ ರಿಲೇಯಲ್ಲಿ ಉರಿಯುವ ಸಾಮಾನ್ಯ ಬಲ್ಬಿಗೆ ಸಮನಾದ ಬೆಳಕು ಮಾತ್ರ ಬರುತ್ತದೆ, ಜೊತೆಗೆ ಸುಟ್ಟ ವಾಸನೆ. ನಾನು ಹಾಕಿಕೊಡುವುದಿಲ್ಲ.

ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಚರ್ಮದ ಎಣ್ಣೆಯಂಶ ಬಿಸಿಗೆ ಸುಟ್ಟು ಗಾಜು ಆ ಜಾಗದಲ್ಲಿ ದುರ್ಬಲವಾಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ ಹಾಕಿ. ಜೋಡಿಯಾಗಿಯೇ ಬದಲಿಸಿ.

ಎಲ್‌ಇಡಿ ಯಾಕೆ ಬೇಡ

ಎಚ್4 ಬಲ್ಬನ್ನು ಬರಿಗಣ್ಣಿನಿಂದ ಹತ್ತಿರ ಹಿಡಿದು ನೋಡಿ. ಕೂದಲಿನಷ್ಟು ತೆಳುವಾದ ತಂತಿಯ ಎರಡು ಪುಟ್ಟ ಸುರುಳಿಗಳು. ಬ್ರೈಟ್ ಸುರುಳಿ ರಿಫ್ಲೆಕ್ಟರಿನ ನಾಭಿಯಲ್ಲಿ (ಫೋಕಸ್‌ನಲ್ಲಿ) ಕೂರುತ್ತದೆ, ಅದರ ಬೆಳಕು ನೇರ ದೂರಕ್ಕೆ ಹೋಗುತ್ತದೆ. ಡಿಪ್ ಸುರುಳಿ ನಾಭಿಗಿಂತ ಸ್ವಲ್ಪ ಮುಂದಿದೆ, ಅದರ ಕೆಳಗೆ ಆ ಲೋಹದ ಬಟ್ಟಲು. ಬಟ್ಟಲು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದ ಬೆಳಕಷ್ಟೇ ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಬಟ್ಟಲಿನ ಒಂದು ಅಂಚನ್ನು ಹದಿನೈದು ಡಿಗ್ರಿ ಓರೆಯಾಗಿ ತಗ್ಗಿಸಿರುತ್ತಾರೆ. ರಸ್ತೆಯ ಎಡ ಅಂಚು, ನಡೆದು ಹೋಗುವವರು, ಮೋರಿಯ ಕಟ್ಟೆ ಕಾಣುವುದು ಆ ಓರೆಯಿಂದ. ಇಷ್ಟು ಸೂಕ್ಷ್ಮವಾದ ಏರ್ಪಾಡು ಒಂದು ಮಿಲಿಮೀಟರ್ ಆಚೀಚೆಯಾದರೂ ಕೆಡುತ್ತದೆ.

ಇದರ ಜಾಗದಲ್ಲಿ ಚಪ್ಪಟೆ ಪಟ್ಟಿಯ ಎರಡು ಮುಖಗಳಿಗೆ ಚಿಪ್ ಅಂಟಿಸಿದ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲೆಲ್ಲಿಗೋ ಚದುರುತ್ತದೆ. ಕಾರಿನ ಮುಂದಿನ ಹತ್ತು ಹದಿನೈದು ಮೀಟರ್ ಹಗಲಿನಂತೆ ಬೆಳಗುತ್ತದೆ. ಅದನ್ನು ನೋಡಿ ಮಾಲೀಕರಿಗೆ ಸಂತೋಷ. ಆದರೆ ಕಣ್ಣಿನ ಪಾಪೆ ಆ ಹತ್ತಿರದ ಬೆಳಕಿಗೆ ಕುಗ್ಗಿ, ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಎದುರಿನವನಿಗೆ ರಸ್ತೆಯೇ ಕಾಣುವುದಿಲ್ಲ. ಆಗುಂಬೆಯ ತಿರುವಿನಲ್ಲಿ ಎರಡು ಗಾಡಿಗಳ ನಡುವೆ ಒಂದು ಮೊಳ ಜಾಗವಿರುತ್ತದೆ. ಎದುರು ಬರುವವನಿಗೆ ಕಣ್ಣು ಕಾಣದಿದ್ದರೆ ಅವನು ಬಂದು ಹೊಡೆಯುವುದು ನಮಗೇ. ನನ್ನ ಗಾಡಿಯ ಬೆಳಕು ಎಷ್ಟು ಮುಖ್ಯವೋ ಅವನ ಕಣ್ಣೂ ಅಷ್ಟೇ ಮುಖ್ಯ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ ಮುಂದಿನ ದೀಪ ಎದುರಿನವರ ಕಣ್ಣು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿ ಪ್ರಕರಣ ದಾಖಲಿಸಿದರು. ಎಲ್‌ಇಡಿಗೆಂದೇ ವಿನ್ಯಾಸ ಮಾಡಿದ ಪೂರ್ತಿ ಏಳು ಇಂಚಿನ ಡೂಮ್, ಸರಿಯಾದ ಮುದ್ರೆ ಮತ್ತು ಎಡಪಥದ ಬೆಳಕಿನೊಂದಿಗೆ ಬರುವುದಾದರೆ ಅದರ ಮಾತು ಬೇರೆ. ಹ್ಯಾಲೊಜನ್ ಡೂಮಿಗೆ ಎಲ್‌ಇಡಿ ಬಲ್ಬ್ ಮಾತ್ರ ಖಂಡಿತ ಬೇಡ.

ಗೋಡೆಯ ಮುಂದೆ

ಇಷ್ಟೆಲ್ಲ ಮಾಡಿ ದೀಪದ ಗುರಿ ಹೊಂದಿಸದೆ ಹೊರಟರೆ ಮಾಡಿದ ಕೆಲಸ ಅರ್ಧವೂ ದಕ್ಕುವುದಿಲ್ಲ. ಖರ್ಚೇ ಇಲ್ಲದ ಈ ಕೆಲಸವನ್ನು ಜನ ಬಿಟ್ಟುಬಿಡುವುದು ನೋಡಿ ನನಗೆ ಬೇಸರವಾಗುತ್ತದೆ.

ಸಮತಟ್ಟಾದ ಅಂಗಳ, ಎದುರಿಗೆ ಒಂದು ಗೋಡೆ ಬೇಕು. ಶಾಲೆಯ ಗೋಡೆ, ಅಕ್ಕಿ ಗಿರಣಿಯ ಗೋಡೆ ಯಾವುದಾದರೂ ಆದೀತು. ಟೈರುಗಳಿಗೆ ಸರಿಯಾದ ಗಾಳಿ ಇರಲಿ, ಚಾಲಕನ ಜಾಗದಲ್ಲಿ ಒಬ್ಬರು ಕೂತಿರಲಿ. ಕಾರನ್ನು ಗೋಡೆಗೆ ತಾಗಿಸಿದಂತೆ ನಿಲ್ಲಿಸಿ, ಒಂದೊಂದು ದೀಪದ ನಡುಬಿಂದುವನ್ನೂ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಅಡ್ಡಗೆರೆ ಎಳೆಯಿರಿ. ಆ ಗೆರೆಗಿಂತ ಹತ್ತು ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಈಗ ಕಾರನ್ನು ನೇರವಾಗಿ ಹತ್ತು ಮೀಟರ್ ಹಿಂದಕ್ಕೆ ತೆಗೆದುಕೊಳ್ಳಿ. ಡಿಪ್ ಹಾಕಿ, ಒಂದು ದೀಪಕ್ಕೆ ಗೋಣಿಚೀಲ ಮುಚ್ಚಿ, ಇನ್ನೊಂದನ್ನು ನೋಡಿ. ಬೆಳಕು ಕತ್ತಲಾಗಿ ತಿರುಗುವ ಚಪ್ಪಟೆ ಗೆರೆ ಕೆಳಗಿನ ಸೀಮೆಸುಣ್ಣದ ಗೆರೆಯ ಮೇಲೆ ಕೂರಬೇಕು. ಎಡಕ್ಕೆ ಮೇಲೇರುವ ಓರೆ ಆ ದೀಪದ ನಡುಬಿಂದುವಿನ ಹತ್ತಿರ ಶುರುವಾಗಬೇಕು. ಅಂಬಾಸಿಡರಿನಲ್ಲಿ ಹೊರಬಳೆ ತೆಗೆದರೆ ಹೊಂದಿಸುವ ಸ್ಕ್ರೂಗಳು ಸಿಗುತ್ತವೆ. ಮೇಲಿನದು ಏರಿಸಿ ಇಳಿಸಲು, ಪಕ್ಕದ್ದು ಎಡಬಲಕ್ಕೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ, ಬಲ ಹಾಕಿದರೆ ಮುರಿಯುತ್ತದೆ.

ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಎಂದರೆ ನೂರಕ್ಕೆ ಒಂದು ಇಳಿಜಾರು. ದೀಪ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಡಿಪ್ ಬೆಳಕು 75 ಮೀಟರಿಗೆ ನೆಲ ಮುಟ್ಟುತ್ತದೆ. ಅದೇ ಇಳಿಜಾರು ನೂರಕ್ಕೆ ಎರಡಾದರೆ 37 ಮೀಟರಿಗೇ ಮುಗಿಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎಮ್ಮೆಯೊಂದು ಕಂಡು, ಕಾಲು ಬ್ರೇಕಿಗೆ ಹೋಗಿ, ಗಾಡಿ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ 50 ಮೀಟರ್ ಬೇಕು, ಡ್ರಮ್ ಬ್ರೇಕಿನ ಹಳೆಯ ಗಾಡಿಗೆ ಮಳೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ದೀಪ ತೀರ ಕೆಳಗಿರುವುದೂ ಅಪಾಯವೇ. ಹಿಂದೆ ಭಾರ ಹೇರುವವರು ಆ ಭಾರ ಹಾಕಿಯೇ ಗುರಿ ಹೊಂದಿಸಿಕೊಳ್ಳಿ. ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆ ಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ, ಡಿಪ್ ಬೆಳಕು ಬಸ್ಸಿನ ಚಾಲಕನ ಮುಖಕ್ಕೆ ಹೋಗುತ್ತದೆ.

ಮಂಜು, ಮಳೆ, ಗಾಜು

ಘಾಟಿಯ ತಿರುವುಗಳಲ್ಲಿ ದೂರ ಹೋಗುವ ಬೆಳಕಿನಿಂದ ಲಾಭವಿಲ್ಲ. ರಸ್ತೆ ಪಕ್ಕಕ್ಕೆ ತಿರುಗಿದಾಗ ಬ್ರೈಟ್ ಕಣಿವೆಯ ಮೇಲೆ ಹಾದುಹೋಗುತ್ತದೆ. ಬೇಕಾದದ್ದು ಅಗಲವಾಗಿ ಹರಡುವ ಬೆಳಕು. ಆದ್ದರಿಂದ ಹೆಚ್ಚುವರಿ ದೀಪ ಹಾಕುವುದಾದರೆ ಮೊದಲು ಒಳ್ಳೆಯ ಫಾಗ್ ಲ್ಯಾಂಪ್ ಹಾಕಿ. ಬಂಪರಿನ ಕೆಳಗೆ, ಆದಷ್ಟು ನೆಲಕ್ಕೆ ಹತ್ತಿರ, ಬೆಳಕಿನ ಮೇಲ್ಗೆರೆ ಚೂಪಾಗಿರುವಂಥದ್ದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಮಂಜಿನೊಳಗೆ ಬ್ರೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಅಂಥ ಹೊತ್ತಿನಲ್ಲಿ ಡಿಪ್ ಮತ್ತು ಫಾಗ್ ಲ್ಯಾಂಪ್ ಮಾತ್ರ. ಹ್ಯಾಲೊಜನ್‌ನ ಹಳದಿ ಛಾಯೆ ನನ್ನ ಕಣ್ಣಿಗೆ ಒದ್ದೆ ರಸ್ತೆಯಲ್ಲಿ ಬಿಳಿ ಬೆಳಕಿಗಿಂತ ಹಿತ. ಫಾಗ್ ಲ್ಯಾಂಪಿಗೂ ಪ್ರತ್ಯೇಕ ರಿಲೇ, ಪ್ರತ್ಯೇಕ ಫ್ಯೂಸ್. ಮಂಜು ಕಳೆದ ಕೂಡಲೆ ಆರಿಸಿ.

ಮುಂದಿನ ಗಾಜಿನ ಒಳಮೈಯನ್ನು ಒರೆಸದವರೇ ಹೆಚ್ಚು. ಅಲ್ಲಿ ಕೂತ ಜಿಡ್ಡಿನ ಪೊರೆ ಎದುರಿನ ಬೆಳಕನ್ನೆಲ್ಲ ಚೆಲ್ಲಾಡುತ್ತದೆ. ಒದ್ದೆ ಹಳೆಯ ಪತ್ರಿಕೆಯಿಂದ ಒಮ್ಮೆ, ಒಣ ಪತ್ರಿಕೆಯಿಂದ ಒಮ್ಮೆ ಉಜ್ಜಿ. ವೈಪರಿನ ರಬ್ಬರನ್ನು ಮಳೆಗಾಲಕ್ಕೆ ಮುಂಚೆ ಬದಲಿಸಿ. ಐವತ್ತು ದಾಟಿದವರು ಕಣ್ಣಿನ ವೈದ್ಯರ ಬಳಿ ಒಮ್ಮೆ ಹೋಗಿ ಬನ್ನಿ. ಪೊರೆ ಬೆಳೆಯುತ್ತಿದ್ದರೆ ಯಾವ ರಿಲೇಯೂ ಅದನ್ನು ಸರಿಮಾಡದು.

ಹೊಸ ವಯರಿಂಗ್ ಹಾಕಿದ ಮೇಲೆ ಒಂದು ವಾರ ಓಡಿಸಿ, ಬ್ಯಾಟರಿಯ ತುದಿಗಳನ್ನೂ ಅರ್ಥ್ ಬೋಲ್ಟನ್ನೂ ಮತ್ತೆ ಬಿಗಿ ಮಾಡಿ. 10 ಮತ್ತು 20 ಆಂಪಿಯರಿನ ಒಂದೆರಡು ಫ್ಯೂಸ್, ಒಂದು ರಿಲೇ, ಒಂದು ಎಚ್4 ಬಲ್ಬ್ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರಲಿ. ಜೊತೆಗೆ ಸಣ್ಣದೊಂದು ಟಾರ್ಚ್ ಕೂಡ, ಫ್ಯೂಸ್ ಸುಟ್ಟ ಕತ್ತಲಲ್ಲಿ ಫ್ಯೂಸಿನ ಪೆಟ್ಟಿಗೆ ಹುಡುಕಲು ಅದು ಬೇಕೇ ಬೇಕು.